ಮೊದಲ ಬಲೆ ಮನೆಗೆ

ಏಪ್ರಿಲ್ ತಿಂಗಳ ಒಂದು ಗುರುವಾರ. ಐದೂಮುಕ್ಕಾಲಿಗೆ ಎದ್ದು, ಗೇಟಿಗೆ ನೇತುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದುಕೊಂಡು, ನಲ್ಲಿಯಲ್ಲಿ ನೀರು ಬಂದಿದೆಯೇ ಎಂದು ನೋಡಿದೆ. ಬಂದಿತ್ತು. ನಮ್ಮ ಬೀದಿಗೆ ನೀರು ಬಿಡುವ ದಿನ ನನ್ನ ಬೆಳಗಿನ ಕೆಲಸದ ಕ್ರಮವೇ ಬೇರೆ. ಮೊದಲು ಸಂಪಿನ ಮುಚ್ಚಳ ಸರಿಸಿ ಪೈಪು ಬಿಡಬೇಕು, ಆಮೇಲೆ ಕಾಫಿ. ನಮ್ಮನೆಯವರು ಪೇಪರಿನ ಹಿಂದೆ ಕೂತಿದ್ದರು. ದೋಸೆಗೆ ಚಟ್ನಿ ಮಾಡಲೆಂದು ಕಾಯಿ ತುರಿಯುತ್ತಿದ್ದಾಗ ಫೋನು ಬಂತು. ಜಯಮ್ಮ.

"ಅಕ್ಕಾ, ಎದ್ದಿದ್ರಾ? ಅಯ್ನೋರು ಹೋಗ್ಬುಟ್ರಂತೆ ಕಣಕ್ಕ. ಬೆಳಗಿನ ಜಾವ. ಕುಣಿಗಲ್ಲಿಂದ ಅವ್ರ ಮಗಳು ಫೋನ್ ಮಾಡಿತ್ತು."

ನಾನು ತುರಿಮಣೆಯ ಮೇಲಿನಿಂದ ಏಳಲೂ ಇಲ್ಲ. "ಯಾವಾಗ ತೆಗೀತಾರಂತೆ?" ಎಂದು ಕೇಳಿದೆ. ಸಾವಿನ ಸುದ್ದಿ ಕೇಳಿದಾಗ ನನ್ನ ಬಾಯಿಂದ ಮೊದಲು ಬರುವುದು ಇಂಥ ಉಪಯೋಗದ ಮಾತೇ.

"ಮಧ್ಯಾಹ್ನ ಅಂದ್ರು. ಆದ್ರೆ ಅಕ್ಕಾ, ಇವತ್ತು ನಮ್ಮನೆ ಹೊಂಡದಲ್ಲಿ ಬಲೆ. ಆ ವ್ಯಾಪಾರಿ ಒಂಬತ್ತಕ್ಕೆಲ್ಲ ಗಾಡಿ ತತ್ತಾನೆ. ಅಯ್ನೋರು ಬರ್ತೀನಿ, ನಾನೇ ಮಾತಾಡ್ತೀನಿ ಅವ್ನತ್ರ ಅಂದಿದ್ರು. ಈಗ ನಾನೇನ್ ಮಾಡ್ಲಿ ಹೇಳಿ?"

ಜಯಮ್ಮ ತುಮಕೂರಿನ ನಮ್ಮ ಮನೆಯಲ್ಲಿ ಒಂಬತ್ತು ವರ್ಷ ಕೆಲಸಕ್ಕಿದ್ದವಳು. ಗುಬ್ಬಿ ತಾಲ್ಲೂಕಿನಲ್ಲಿ, ಹಾಗಲವಾಡಿಗೆ ಹೋಗುವ ದಾರಿಯ ಒಂದು ಸಣ್ಣ ಹಟ್ಟಿಯವಳು. ಮೂರು ವರ್ಷದ ಹಿಂದೆ ಇಲ್ಲಿನ ಕೆಲಸ ಬಿಟ್ಟು ಊರಿಗೆ ಹೋಗಿ, ತನ್ನ ಹೊಲದ ಕೃಷಿ ಹೊಂಡದಲ್ಲಿ ಮೀನು ಸಾಕಲು ಶುರುಮಾಡಿದಳು. ಅವಳಿಗೆ ಮೀನಿನ ದಾರಿ ತೋರಿಸಿದವರೇ ಈಗ ಹೋದವರು.

ಅವರು ಹದಿನಾರು ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದರು. ಮೀನುಗಾರಿಕೆ ಇಲಾಖೆಯಲ್ಲಿ ಕ್ಷೇತ್ರಪಾಲಕರ ಕೆಲಸ. ಅಂದರೆ ಕುರ್ಚಿಯ ಕೆಲಸವಲ್ಲ, ಕೆರೆಯ ದಂಡೆಯ ಕೆಲಸ. ಮರಿ ಬಿಡುವುದು, ನೀರು ನೋಡುವುದು, ಬಲೆ ಎಳೆಯುವ ದಿನ ನಿಂತು ನೋಡುವುದು. ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಮನೆತನದಲ್ಲಿ ಯಾರೂ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಕೆರೆ ಕಡೆಯ ಜನ ಅವರಿಗೆ ಇಟ್ಟ ಹೆಸರು 'ಮೀನ್ ಅಯ್ನೋರು'. ಮೊದಮೊದಲು ಅದು ಹಾಸ್ಯಕ್ಕೆ ಹುಟ್ಟಿದ್ದಿರಬೇಕು. ನಾನು ಕೇಳುವ ಹೊತ್ತಿಗೆ ಆ ಹೆಸರಿನಲ್ಲಿ ಹಾಸ್ಯ ಉಳಿದಿರಲಿಲ್ಲ.

ಅವರಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಷರಟಿನ ಬಲಗೈ ತೋಳು. ಎಡಗೈಯ ಷರಟು ಮಣಿಕಟ್ಟಿನ ತನಕ ಇದ್ದರೆ ಬಲಗೈಯದು ಯಾವಾಗಲೂ ಮೊಣಕೈ ಮೇಲಕ್ಕೆ ಮಡಚಿರುತ್ತಿತ್ತು, ಮಡಿಕೆಯ ಅಂಚು ಒದ್ದೆ. ಒಂದು ದಿನ ಕಾಂಪೌಂಡಿನ ಆಚೆಯಿಂದ ಕೇಳಿಯೇಬಿಟ್ಟೆ. ಅವರು ನಮ್ಮ ಸಂಪಿನ ಹತ್ತಿರ ಬಂದು, ಮುಚ್ಚಳ ತೆಗೆಸಿ, ಕೈಯನ್ನು ಮೊಣಕೈ ತನಕ ನೀರಿಗೆ ಇಳಿಸಿ ತೋರಿಸಿದರು.

"ಅಂಗೈ ಕಾಣ್ತಾ ಇದೆಯಾ ತಾಯಿ?"

"ಕಾಣ್ತಿದೆ."

"ಹಂಗಾದ್ರೆ ನಿಮ್ಮ ನೀರಲ್ಲಿ ಮೀನಿಗೆ ಊಟ ಇಲ್ಲ. ಕುಡಿಯಕ್ಕೆ ಭೇಷಾಗಿದೆ. ಕೆರೆಲಿ ಕೈ ಇಳಿಸ್ದಾಗ ಅಂಗೈ ಮರೆಯಾಗ್ಬೇಕು, ನೀರು ಹಸಿರಾಗಿರ್ಬೇಕು. ಆಗ ಮರಿ ಬಿಡಬಹುದು."

ಯಾವ ನೀರು ಕಂಡರೂ ಅವರು ಹೀಗೆ ಕೈ ಇಳಿಸುತ್ತಿದ್ದರು. ಕೈ ಇಳಿಸುವ ಮೊದಲು ಕರಡಿಗೆಯ ದಾರವನ್ನು ಹಿಡಿದು ಬೆನ್ನ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ಆ ಎರಡು ಚಲನೆ ಒಂದೇ ಉಸಿರಿನಲ್ಲಿ ನಡೆಯುತ್ತಿತ್ತು.

ಅವರ ಹೆಂಡತಿ, ಪುಣ್ಯಾತ್ಗಿತ್ತಿ, ಈಗ ಇಲ್ಲ. ಸಂಜೆ ಗಂಡನ ಸ್ಕೂಟರ್ ಸದ್ದು ಬೀದಿ ತಿರುವಿನಲ್ಲಿ ಕೇಳಿದ ಕೂಡಲೇ ಹಿತ್ತಲಲ್ಲಿ ಬಿಸಿನೀರಿನ ಬಕೆಟ್, ಸೀಗೆಪುಡಿ, ಹಿಂಡಿದ ನಿಂಬೆಹೋಳು ಇಟ್ಟುಬಿಡುತ್ತಿದ್ದರು. "ಬಂತು ನೋಡಿ ಕಡಬದ ಕೆರೆ!" ಎಂದು ನನಗೆ ಕೇಳಿಸುವಂತೆ ಕೂಗುತ್ತಿದ್ದರು. ಸ್ನಾನ ಆಗದೆ ನಡುಮನೆಗೆ ಪ್ರವೇಶವಿಲ್ಲ. ಅಯ್ನೋರು ಒಂದು ದಿನವೂ ಗೊಣಗಿದ್ದು ನಾನು ಕೇಳಿಲ್ಲ. "ಅವಳ ಅಡುಗೆಮನೆ ಅವಳ ಕೆರೆ. ಅಲ್ಲಿನ ನಿಯಮ ಅವಳದ್ದು" ಎನ್ನುತ್ತಿದ್ದರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಶುಕ್ರವಾರ ಮಧ್ಯಾಹ್ನ ಸಿಸ್ಟರುಗಳ ಅಡುಗೆಮನೆಯಿಂದ ಮೀನು ಹುರಿಯುವ ವಾಸನೆ ಬರುತ್ತಿತ್ತು. ನಾವು ನಾಲ್ಕೈದು ಹುಡುಗಿಯರು ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡು ಕಾರಿಡಾರಿನಲ್ಲಿ ಓಡುತ್ತಿದ್ದೆವು. ಇದನ್ನು ಅಯ್ನೋರಿಗೆ ಹೇಳಿದಾಗ ಬಹಳ ನಕ್ಕರು. "ಪಾಪ, ಕಡಲ ಕಡೆಯೋರು ಆ ಸಿಸ್ಟರುಗಳು. ಆಗ ಇಲ್ಲಿಗೆ ಬರ್ತಿದ್ದದ್ದು ಐಸಲ್ಲಿಟ್ಟ ಎರಡು ದಿನದ ಮೀನು. ಹೇಮಾವತಿ ನೀರು ಬರ್ಲಿ, ಗುಬ್ಬಿ ಕುಣಿಗಲ್ ಮೀನನ್ನೇ ಜೀವಂತ ಕೊಡ್ತೀವಿ ಅಂತ ಯಾರಾದ್ರೂ ಆಗ ಅಂದಿದ್ರೆ ನಂಬ್ತಿದ್ರಾ?"

ತಿನ್ನದವರು ಸಾಕುವುದು ಯಾಕೆ ಎಂದು ಅವರನ್ನು ಕೇಳದವರಿಲ್ಲ. ನೆಂಟರ ಮದುವೆಯೊಂದರ ಪಂಕ್ತಿಯಲ್ಲಿ, ನಾನೂ ಎದುರು ಸಾಲಿನಲ್ಲಿದ್ದೆ, ಯಾರೋ ಹಿರಿಯರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಏನಪ್ಪಾ, ಲಿಂಗ ಕಟ್ಕೊಂಡು ಮೀನು ಸಾಕ್ತೀಯಲ್ಲ, ಶಿವ ಒಪ್ತಾನಾ?" ಎಂದು ಜೋರಾಗಿ ಕೇಳಿದರು. ಸಾಲೆಲ್ಲ ಕಿವಿಯಾಯಿತು. ಇವರು ತುತ್ತು ನುಂಗಿ, "ನನ್ನ ಎಲೆಗೆ ಬೇಳೆ ಬಿತ್ತು, ತುಪ್ಪ ಬಿತ್ತು, ಶಿವ ನೋಡ್ತಾ ಇದಾನೆ. ಬೇಳೆ ರೇಟು ಕೇಳಿ ಅಂಗಡಿಯಿಂದ ಹಂಗೇ ಇಳಿದು ಹೋಗೋರನ್ನೂ ಅವ್ನೇ ನೋಡ್ತಾನಲ್ಲ ಮಾವ" ಎಂದು ಇನ್ನೊಂದು ತುತ್ತು ಕಲಸಿದರು. ಆ ಹಿರಿಯರು ಪಾಯಸದ ಬಗ್ಗೆ ಮಾತು ತಿರುಗಿಸಿದರು.

ನನ್ನ ಮಗಳು ಮೊದಲ ಸಲ ಮೈಸೂರಿನ ಹಾಸ್ಟೆಲಿಗೆ ಹೋಗಿ ದಿನಾ ಅಳುತ್ತಾ ಫೋನು ಮಾಡುತ್ತಿದ್ದಾಗ, ವಾಪಸ್ ಕರೆಸಿಬಿಡೋಣ ಅಂತ ನಾನು ಹೊರಟಿದ್ದೆ. ಅಯ್ನೋರು ತಡೆದರು. ಮೀನುಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ತರುತ್ತಾರಂತೆ. ತಂದ ಕೂಡಲೇ ಬಾಯಿ ಬಿಚ್ಚಿ ಕೆರೆಗೆ ಸುರಿದರೆ ಸಾಯುತ್ತವೆ. ಚೀಲವನ್ನು ಹಾಗೇ ಕೆರೆಯ ಮೇಲೆ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬರುವ ತನಕ ಕಾಯಬೇಕು. "ಇನ್ನೂ ತೇಲ್ತಾ ಇದೆ ತಾಯಿ ನಿಮ್ಮ ಮಗು. ಬಿಚ್ಚೋ ಆತುರ ಬೇಡಿ" ಎಂದರು. ಮೂರನೇ ವಾರಕ್ಕೆ ಅವಳ ಫೋನು ಎರಡು ದಿನಕ್ಕೊಮ್ಮೆಯಾಯಿತು.

ಅವರ ಒಂದು ಮಾತು ಮಾತ್ರ ನಿಯಮದಷ್ಟು ಗಟ್ಟಿಯಾಗಿತ್ತು. 'ಮೊದಲ ಬಲೆ ಮನೆಗೆ.' ಹೊಂಡದಲ್ಲಾಗಲಿ ಕೆರೆಯಲ್ಲಾಗಲಿ, ಬಲೆ ಎಳೆದಾಗ ಮೊದಲ ಎಳೆತದ ಮೀನು ಮಾರಾಟಕ್ಕೆ ಹೋಗಬಾರದು. ಮನೆ ಎಂದರೆ ಯಾರ ಮನೆ ಎಂದು ಕೇಳಿದರೆ, "ನೀರಿನ ದಂಡೆಲಿ ನಿಂತು ಕೂಗಿದ್ರೆ ಯಾರಿಗೆ ಕೇಳುತ್ತೋ ಅವರ ಮನೆ" ಎನ್ನುತ್ತಿದ್ದರು. ಕೂಗಳತೆಯ ಜನ ಬಂದು ಬಲೆಗೆ ಕೈ ಹಾಕಬೇಕು, ತಲಾ ಒಂದೆರಡು ಮೀನು ಒಯ್ಯಬೇಕು. ಆಮೇಲಿನ ಬಲೆಗಳು ಪೇಟೆಗೆ.

ಇದು ಅವರಿಗೆ ಎಲ್ಲಿಂದ ಅಂಟಿತು ಎಂದು ಒಂದು ಸಲ ಹೇಳಿದ್ದರು. ಕೆಲಸಕ್ಕೆ ಸೇರಿದ ಹೊಸದು. ಒಂದು ಕೆರೆಯಲ್ಲಿ, ಅವರೇ ಬಿಟ್ಟ ಮರಿಗಳು ಬೆಳೆದು, ಗುತ್ತಿಗೆದಾರ ಬಲೆ ಎಳೆಸಿದ. ತೊಡೆಯಷ್ಟು ದಪ್ಪದ ಕಾಟ್ಲಾ ಮೀನುಗಳು ಕ್ರೇಟುಗಳಲ್ಲಿ ತುಂಬಿ ಲಾರಿ ಹತ್ತಿದವು. ದಂಡೆಯ ಮೇಲೆ ಊರಿನ ಮಕ್ಕಳು ಸಾಲಾಗಿ ಕೂತು ಎಣಿಸುತ್ತಿದ್ದವು. ಲಾರಿ ಹೋಯಿತು. ಮಕ್ಕಳು ಎದ್ದು ಅಂಗನವಾಡಿಗೆ ಹೋದವು. ಇವರು ನೀರು ಕುಡಿಯಲೆಂದು ಅಲ್ಲಿಗೇ ಹೋದರೆ, ಟೀಚರು ಅದೇ ಮಕ್ಕಳನ್ನು ತೂಕದ ತಕ್ಕಡಿಗೆ ಹಾಕಿ, "ಇದೂ ಕಮ್ಮಿ, ಇದೂ ಕಮ್ಮಿ" ಎಂದು ಬರೆದುಕೊಳ್ಳುತ್ತಿದ್ದರಂತೆ. "ಕೆರೆ ತೂಕ ಜಾಸ್ತಿ ಮಾಡಿದ್ದೆ ತಾಯಿ. ಮಕ್ಕಳ ತೂಕ ನನ್ನ ಡ್ಯೂಟಿಲಿ ಇರ್ಲಿಲ್ಲ" ಎಂದರು.

ಗುತ್ತಿಗೆಯ ಕೆರೆಗಳಲ್ಲಿ ಅವರ ಮಾತು ನಡೆಯಲಿಲ್ಲ. ನಡೆಯುವುದೂ ಸಾಧ್ಯವಿರಲಿಲ್ಲ. ಆದರೆ ನಿವೃತ್ತಿಯ ಹೊತ್ತಿಗೆ ಕಾಲ ಬದಲಾಗಿತ್ತು. ಹೊಲಹೊಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳು ಬಂದವು. ಮೀನು ಗುತ್ತಿಗೆದಾರನ ಕೈಯಿಂದ ಹೆಂಗಸರ ಕೈಗೆ ಬರಬಹುದು ಎಂದು ಅವರಿಗೆ ಅನ್ನಿಸಿತು. ಪಿಂಚಣಿ ಶುರುವಾದ ಮೇಲೂ ಅದೇ ಸ್ಕೂಟರು, ಅದೇ ಮಡಚಿದ ತೋಳು. ನಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಜಯಮ್ಮನಿಗೆ ಕಾಂಪೌಂಡಿನ ಆಚೆಯಿಂದಲೇ ಪಾಠ ಮಾಡುತ್ತಿದ್ದರು.

"ಏನಮ್ಮಾ, ಹೊಂಡ ಖಾಲಿ ಬಿಟ್ಕೊಂಡು ಇಲ್ಲಿ ಸೋಪು ಉಜ್ತಿದೀಯಲ್ಲ."

"ಅಯ್ಯೋ ಬುಡಿ ಅಯ್ನೋರೇ, ಅದ್ರಲ್ಲಿ ಕಪ್ಪೆನೂ ನಿಲ್ಲಾಕಿಲ್ಲ."

"ಕಪ್ಪೆ ಕರೀದೆ ಬರುತ್ತೆ. ಮೀನನ್ನ ಕರೀಬೇಕು."

ಕೊನೆಗೆ ಕರೆದಳು. ಅದಕ್ಕೆ ಒಂದು ಕಾರಣವಿತ್ತು. ಅವಳ ಒಬ್ಬಳೇ ಮಗಳು ಗಂಡನನ್ನು ಬಿಟ್ಟು ತಾಯಿಯ ಮನೆಗೆ ಬಂದಿದ್ದಳು, ಬಸುರಿ, ಮೈಯಲ್ಲಿ ರಕ್ತವೇ ಇಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ತುಮಕೂರಿನಲ್ಲಿ ಮೂರು ಮನೆ ಕೆಲಸ ಮಾಡಿಕೊಂಡು ಅವಳನ್ನು ನೋಡಿಕೊಳ್ಳಲು ಆಗುತ್ತಿರಲಿಲ್ಲ. ಊರಲ್ಲೇ ಇದ್ದು ಬದುಕಬೇಕಿದ್ದರೆ ಆ ಹೊಂಡವೊಂದೇ ಇತ್ತು.

ಮೊದಲ ವರ್ಷ ಮರಿಗಳು ನಿಲ್ಲಲಿಲ್ಲ. ಎರಡನೇ ವರ್ಷ ಚೆನ್ನಾಗಿ ಬೆಳೆದವು. ಆಗ ಆದ ಅನಾಹುತದಲ್ಲಿ ನನ್ನ ಪಾಲೂ ಇದೆ. ನಾವು ಮಹಡಿ ಕಟ್ಟಿಸಿ ಪೂಜೆ ಇಟ್ಟುಕೊಂಡಿದ್ದೆವು. ಊಟಕ್ಕೆ ಬಂದಿದ್ದ ಜಯಮ್ಮ ಹೊರಡುವಾಗ, ಉಳಿದ ಅನ್ನ, ಪಾಯಸ ಚೆಲ್ಲಲು ಮನಸ್ಸಾಗದೆ ಎರಡು ದೊಡ್ಡ ಬಕೆಟ್ ತುಂಬಿ, "ನಿನ್ನ ಮೀನಿಗಾದರೂ ಆಗುತ್ತೆ, ತಗೊಂಡು ಹೋಗು" ಎಂದು ಆಟೋ ಹತ್ತಿಸಿದೆ. ಅದಕ್ಕೆ ಮೊದಲಿನ ನಾಲ್ಕು ದಿನ ಮೋಡ ಮುಚ್ಚಿ, ಬಿಸಿಲೇ ಇರಲಿಲ್ಲ. ಅವಳು ಆ ಸಂಜೆಯೇ ಒಂದು ಬಕೆಟ್ ಹೊಂಡಕ್ಕೆ ಸುರಿದಳು. ಮಾರನೆಯ ಬೆಳಿಗ್ಗೆ ಅವಳು ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿವೆ. ಹಸಿದಿವೆ ಎಂದುಕೊಂಡಳು. ಉಳಿದಿದ್ದ ಬಕೆಟನ್ನೂ ಸುರಿದಳು. ಇನ್ನೂ ಬಾಯಿ ತೆರೆದವು. ಅಕ್ಕಪಕ್ಕದವರು ಬಂದು, ಅಯ್ಯೋ ಪಾಪ ಎಂದು ತಮ್ಮ ತಮ್ಮ ಮನೆಯ ರಾತ್ರಿಯ ಮುದ್ದೆಯನ್ನೂ ಮುರಿದು ಹಾಕಿದರಂತೆ.

ಅಯ್ನೋರಿಗೆ ಫೋನು ಹೋಯಿತು. ನಾನೂ ಅವರ ಜೊತೆ ಗಾಬರಿಯಲ್ಲಿ ಹೋದೆ. ಪಂಚೆ ಎತ್ತಿ ಕಟ್ಟಿ ಹೊಂಡಕ್ಕೆ ಇಳಿದವರೇ, "ಬಿಂದಿಗೆ ತನ್ನಿ, ಎಷ್ಟಿದಾವೋ ಅಷ್ಟೂ ತನ್ನಿ!" ಎಂದರು. ಹಟ್ಟಿಯ ಹೆಂಗಸರು ಗಂಡಸರು ಸಾಲುನಿಂತು, ಹೊಂಡದ ನೀರನ್ನೇ ಮೊಗೆದು ತಲೆಯ ಎತ್ತರದಿಂದ ಹೊಂಡಕ್ಕೇ ಸುರಿದರು. ಎರಡು ಗಂಟೆ. ನಾನೂ ಸೀರೆ ಸೊಂಟಕ್ಕೆ ಸಿಕ್ಕಿಸಿ ಒಂದು ಸ್ಟೀಲ್ ಬಿಂದಿಗೆ ಹಿಡಿದೆ. ಅವು ಬಾಯಿ ತೆರೆದದ್ದು ಅನ್ನಕ್ಕಲ್ಲ, ಉಸಿರಿಗೆ ಎಂದು ಆಗ ತಿಳಿಯಿತು. ಮೋಡಕ್ಕೆ ನೀರಿನೊಳಗಿನ ಗಾಳಿ ಮೊದಲೇ ಕಡಿಮೆಯಾಗಿತ್ತು. ನಾವು ಹಾಕಿದ ಅನ್ನ ಕೊಳೆತು ಉಳಿದದ್ದನ್ನೂ ತಿಂದಿತ್ತು. ಅರ್ಧಕ್ಕರ್ಧ ಸತ್ತವು.

"ಅನ್ನ ನಮ್ಮನೇದು" ಎಂದೆ ನಾನು. ಅಳು ಬರುತ್ತಿತ್ತು.

ಅವರು ಪಂಚೆ ಹಿಂಡುತ್ತಾ ಹೇಳಿದರು: "ದಾಸೋಹದ ಜಿಲ್ಲೆಲಿ ಹುಟ್ಟಿ ಬಾಯಿ ತೆರೆದೋರಿಗೆ ಅನ್ನ ಹಾಕ್ಬೇಡಿ ಅಂತ ಹೆಂಗೆ ಹೇಳ್ಲಿ ತಾಯಿ? ಮೊದಲೇ ಹೇಳ್ಬೇಕಿತ್ತು. ನನ್ನ ತಪ್ಪು."

ಉಳಿದ ಅರ್ಧವನ್ನು ಮಾರಲೂ ಆಗಲಿಲ್ಲ, ಬೆಳೆದಿರಲಿಲ್ಲ. ಅವರೇ ಮತ್ತೆ ಮರಿ ತಂದುಕೊಟ್ಟರು. ಆ ನಡುವೆ ಅವರ ಹೆಂಡತಿ ತೀರಿಕೊಂಡರು. ಅವರು ಇಲ್ಲಿಯ ಮನೆ ಬಿಟ್ಟು ಕುಣಿಗಲ್ಲಿನ ಮಗಳ ಮನೆಗೆ ಹೋದರು. ಅಲ್ಲಿಂದಲೂ ಹದಿನೈದು ದಿನಕ್ಕೊಮ್ಮೆ ಬಸ್ಸು ಹಿಡಿದು ಜಯಮ್ಮನ ಹೊಂಡಕ್ಕೆ ಬಂದು ಕೈ ಇಳಿಸಿ ನೋಡಿ ಹೋಗುತ್ತಿದ್ದರು.

ಈಗ ಮೀನು ಬೆಳೆದು ನಿಂತಿತ್ತು, ಕೊಳ್ಳುವವನೂ ಸಿಕ್ಕಿದ್ದ. ಆದರೆ ಅವನದೊಂದು ಷರತ್ತು. "ಹೊಂಡದಲ್ಲಿರೋದೆಲ್ಲ ಕೊಟ್ರೆ ಗಾಡಿ, ಐಸು ತರ್ತೀನಿ. ಊರವ್ರಿಗೆ ಹಂಚಿ ಮಿಕ್ಕಿದ್ದು ಕೊಡ್ತೀನಿ ಅಂದ್ರೆ ನಂಗೆ ಬ್ಯಾಡ." ಬೇಸಿಗೆಗೆ ಹೊಂಡದ ನೀರು ದಿನದಿನಕ್ಕೆ ಇಳಿಯುತ್ತಿತ್ತು. ಇವನು ಹಿಂತಿರುಗಿದರೆ ಇನ್ನೊಬ್ಬನನ್ನು ಹುಡುಕುವಷ್ಟು ದಿನ ಇರಲಿಲ್ಲ. ಮತ್ತೊಂದು ವರ್ಷ ಹೋದರೆ ಜಯಮ್ಮ ಮಗಳನ್ನೂ ಕೂಸನ್ನೂ ಬಿಟ್ಟು ತುಮಕೂರಿನ ಪಾತ್ರೆಗಳಿಗೆ ವಾಪಸ್ ಬರಬೇಕು. ಹಂಚದಿದ್ದರೋ, ಅಂದು ಬಿಂದಿಗೆ ಹಿಡಿದು ನಿಂತವರೆಲ್ಲ ದಂಡೆಯ ಮೇಲೆ ಕೂತು ಎಣಿಸಬೇಕು.

ಇದೆಲ್ಲ ಗೊತ್ತಿದ್ದೂ ಆ ಬೆಳಿಗ್ಗೆ ಫೋನಿನಲ್ಲಿ ನಾನು ಹೇಳಿದ್ದು, "ನಿಂಗೆ ಹೇಗೆ ತೋಚುತ್ತೋ ಹಾಗೆ ಮಾಡು ಜಯಮ್ಮ" ಎಂದು. ಒಳ್ಳೆಯ ಮನೆಗಳಲ್ಲಿ ಕಲಿಸುವ ಮಾತು ಅದು. ಯಾರ ಮೇಲೂ ಭಾರ ಹಾಕದ ಹಾಗೆ ಕಾಣುತ್ತದೆ, ಭಾರವೆಲ್ಲ ಕೇಳಿದವರ ಮೇಲೇ ಉಳಿಯುತ್ತದೆ.

"ಆಯ್ತಕ್ಕ" ಎಂದಳು ಜಯಮ್ಮ. "ನನ್ ಪರವಾಗಿ ಒಂದ್ ಹೂವ ಹಾಕ್ಬುಡಿ" ಎಂದು ಫೋನು ಇಟ್ಟಳು.

ಸಂಪು ತುಂಬಿ ಹರಿಯುತ್ತಿತ್ತು. ಓಡಿಹೋಗಿ ಪೈಪು ತೆಗೆದೆ.

ನಾವು ಕುಣಿಗಲ್ ಮುಟ್ಟಿದಾಗ ಹನ್ನೊಂದು ಗಂಟೆ. ಮಗಳ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಮ್ಮ ಪದ್ಧತಿಯಂತೆ ಅವರನ್ನು ಕೂರಿಸಿದ್ದರು, ಹಣೆ ತುಂಬ ವಿಭೂತಿ. ಇಸ್ತ್ರಿ ಮಾಡಿದ ಬಿಳಿ ಷರಟು, ಎರಡೂ ತೋಳು ಮಣಿಕಟ್ಟಿನ ತನಕ, ಗುಂಡಿ ಹಾಕಿತ್ತು. ಆ ಬಲಗೈಯ ಗುಂಡಿ ನೋಡಿದ ಮೇಲೆಯೇ ನನಗೆ ಅವರು ಹೋದರು ಅನ್ನಿಸಿದ್ದು. ಜಯಮ್ಮನ ಹೂವನ್ನು ನನ್ನದರ ಮೇಲೆ ಇಟ್ಟೆ.

ಸ್ವಲ್ಪ ಹೊತ್ತಿಗೆ ಏಳೆಂಟು ಜನ ಗಂಡಸರು ಒಂದು ಟೆಂಪೋದಿಂದ ಇಳಿದು, ಚಪ್ಪಲಿ ಬೀದಿಯಲ್ಲೇ ಬಿಟ್ಟು, ಗೇಟಿನ ಹೊರಗೆ ನಿಂತರು. ದೊಡ್ಡಕೆರೆಯಲ್ಲಿ ಬಲೆ ಎಳೆಯುವವರು. ಒಬ್ಬರ ಕೈಯಲ್ಲಿ ಸುಗಂಧರಾಜದ ಹಾರ. ಒಳಗೆ ಬರಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನೆಂಟರೊಬ್ಬರು, "ಇವ್ರು ಯಾರು?" ಎಂದು ಕೇಳಿದರು. ಮಗಳು ಅಳುತ್ತಿದ್ದವಳು ಎದ್ದು, "ಅಪ್ಪನ ಜೊತೆಯೋರು. ಬನ್ನಿ ಅಣ್ಣಾ, ಒಳಗೆ ಬನ್ನಿ" ಎಂದಳು. ಅವರು ಹಾರ ಹಾಕಿ, ಕಾಲು ಮುಟ್ಟಿ, ಗೋಡೆಯ ಪಕ್ಕ ಕೂತರು. ಅವರಲ್ಲಿ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಮೂವತ್ತು ವರ್ಸ ನಮ್ ಬಲೆ ಪಕ್ಕ ನಿಂತವ್ರು ಕಣಮ್ಮ. ಒಂದು ಮೀನ್ ಎತ್ಕೊಂಡು ಹೋಗ್ನಿಲ್ಲ. ಎಲ್ರಿಗೂ ಸಿಕ್ತಾ, ಎಲ್ರಿಗೂ ಸಿಕ್ತಾ ಅಂತ ಕೇಳ್ಕೊಂಡು ಓಡಾಡೋರು" ಎಂದರು.

ಮಣ್ಣು ಮಾಡಿ ಬಂದದ್ದು ಎರಡು ಗಂಟೆಗೆ. ದಾರಿಯಲ್ಲಿ ಎರಡು ಸಲ ಜಯಮ್ಮನಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ನಮ್ಮನೆಯವರು, "ಬಲೆ ಹಿಡ್ಕೊಂಡು ಫೋನ್ ಎತ್ತಕ್ಕಾಗುತ್ತಾ?" ಎಂದರು. ಬಲೆ ಹಿಡಿದಿದ್ದಾಳೋ, ಗಾಡಿ ಖಾಲಿ ಹೋದದ್ದನ್ನು ನೋಡಿಕೊಂಡು ಕೂತಿದ್ದಾಳೋ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ದೀಪ ಹಚ್ಚಿ, ಬೆಳಗಿನ ದೋಸೆ ಹಿಟ್ಟು ಹುಳಿ ಬಂದಿದೆಯೇ ಎಂದು ಮೂಸಿ ನೋಡಿದೆ.

ಏಳು ಗಂಟೆ ಸುಮಾರಿಗೆ ರೇಣುಕಾ ಬಂದಳು. ಅವರು ಬಿಟ್ಟುಹೋದ ಪಕ್ಕದ ಮನೆಗೆ ಈಚೆಗೆ ಬಾಡಿಗೆಗೆ ಬಂದವಳು. ಗಂಡನಿಗೆ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಅಯ್ನೋರನ್ನೂ ಅವಳು ಕಂಡವಳಲ್ಲ, ಜಯಮ್ಮನನ್ನೂ ಅಲ್ಲ. ನಾನು ಯಾಕೆ ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡಿದ್ದೇನೆ ಎಂದೂ ಕೇಳಲಿಲ್ಲ. ಎರಡು ಈರುಳ್ಳಿ ಬೇಕಿತ್ತು. ಬುಟ್ಟಿಯಿಂದ ತೆಗೆದುಕೊಟ್ಟೆ.

"ಗುಬ್ಬಿ ಕಡೆ ಹೊಂಡದ ಮೀನು ಬರುತ್ತೆ, ಫಸ್ಟ್ ಕ್ಲಾಸ್ ಕಾಟ್ಲಾ ಅಂತ ಅಂಗಡಿಯವ್ನು ಹೇಳಿದ್ನಂತೆ ಕಣ್ರೀ ಆಂಟಿ. ಇವ್ರು ಡ್ಯೂಟಿ ಮುಗಿಸ್ಕೊಂಡು ಹೋಗಿ ಕಾದಿದ್ದೇ ಬಂತು. ಅದ್ಯಾರೋ ಹೆಂಗ್ಸು ಮೊದಲ ಬಲೆದೆಲ್ಲ ಊರವ್ರಿಗೇ ಕೊಟ್ಬಿಟ್ಲಂತೆ. ಗಾಡಿಯವ್ನು ಬೈಕೊಂಡು ಬೈಕೊಂಡು ಮಿಕ್ಕಿದ್ದು ತುಂಬ್ಕೊಂಡು ಬಂದ್ನಂತೆ, ಅರ್ಧ ಗಂಟೆಗೇ ಖಾಲಿ" ಎಂದು ಈರುಳ್ಳಿ ಸೆರಗಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. "ಇನ್ನೇನ್ ಮಾಡೋದು, ನಮ್ಮನೇಲಿ ಇವತ್ತು ಮೊಟ್ಟೆ ಸಾರು."